ಆಡಿಟ್ ಟ್ರೇಲ್: ತಂತ್ರಾಂಶದ ಜೊತೆಗೆ ಬರಹವೂ ಬೇಕು

ಹಳೆಯ ಕೀರ್ದಿ ಪುಸ್ತಕದಲ್ಲಿ ಅಂಕಿ ತಪ್ಪಿದರೆ ದಿವಾಣಜಿಯವರು ಅದನ್ನು ಅಳಿಸುತ್ತಿರಲಿಲ್ಲ. ಗೆರೆ ಎಳೆದು, ಮೇಲೆ ಸರಿಯಾದ ಅಂಕಿ ಬರೆದು, ಪಕ್ಕದಲ್ಲಿ ಸಹಿ ಹಾಕುತ್ತಿದ್ದರು. ಅಂತಹ ಗೆರೆಯನ್ನು ಗಣಕಯಂತ್ರದಲ್ಲಿಯೂ ಕಡ್ಡಾಯಗೊಳಿಸಿದ್ದು 2014ರ ಕಂಪನಿ ಲೆಕ್ಕಪತ್ರ ನಿಯಮಗಳ 3ನೆಯ ನಿಯಮಕ್ಕಾದ ತಿದ್ದುಪಡಿ. ಎರಡು ಬಾರಿ ಮುಂದೂಡಲ್ಪಟ್ಟು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇದರನ್ವಯ, ಕಂಪನಿಯು ಬಳಸುವ ಲೆಕ್ಕದ ತಂತ್ರಾಂಶವು ಪ್ರತಿಯೊಂದು ತಿದ್ದುಪಡಿಯನ್ನೂ ದಿನಾಂಕಸಹಿತ ದಾಖಲಿಸಬೇಕು. ಆ ಸೌಲಭ್ಯವನ್ನು ನಿಲ್ಲಿಸಲು ಸಾಧ್ಯವಿರಬಾರದು.

ಕಂಪನಿ ಎಷ್ಟೇ ಚಿಕ್ಕದಿರಲಿ, ವಿನಾಯಿತಿ ಇಲ್ಲ. ಆದರೆ ಏಕಮಾಲೀಕತ್ವದ ಅಡತಿ ಅಂಗಡಿಗೆ, ಪಾಲುದಾರಿಕೆಯ ಮಗ್ಗದ ಘಟಕಕ್ಕೆ, ತಿಮ್ಮಾಪುರದ ಸಕ್ಕರೆ ಕಾರ್ಖಾನೆಯಂತಹ ಸಹಕಾರಿ ಸಂಸ್ಥೆಗೆ ಈ ನಿಯಮ ಅನ್ವಯಿಸದು.

ನಾನು ಪರಿಶೋಧಿಸಿದ ಒಂದು ಖಾಸಗಿ ಕಂಪನಿಯಲ್ಲಿ ನೂಲು ಖರೀದಿಯ ಬಿಲ್ಲೊಂದರ ಮೊತ್ತ ಮಾರ್ಚ್ ಕೊನೆಗೆ ಬದಲಾಗಿತ್ತು. ತಂತ್ರಾಂಶವು ದಿನಾಂಕ ತೋರಿಸಿತು. ಬದಲಿಸಿದವರ ಹೆಸರು ಮಾತ್ರ ‘ಅಡ್ಮಿನ್’. ಆ ಒಂದೇ ಪಾಸ್‌ವರ್ಡನ್ನು ಮೂವರು ಬಳಸುತ್ತಿದ್ದರು, ಯಾರಿಗೂ ನೆನಪಿಲ್ಲ. ಮೂರು ದಿನ ಹುಡುಕಿದ ಮೇಲೆ ನೂಲಿನ ವ್ಯಾಪಾರಿ ಕಳಿಸಿದ್ದ ಪರಿಷ್ಕೃತ ಬಿಲ್ಲು ಸಿಕ್ಕಿತು. ತಿದ್ದುಪಡಿ ಪ್ರಾಮಾಣಿಕವಾಗಿಯೇ ಇತ್ತು, ಆದರೆ ಹಾಗೆಂದು ಹೇಳುವ ಬರಹ ಎಲ್ಲಿಯೂ ಇರಲಿಲ್ಲ. ಆಡಿಟ್ ಟ್ರೇಲ್ ವರ್ಷವಿಡೀ ನಡೆದಿತ್ತೇ, ಅದನ್ನು ಯಾರಾದರೂ ಕೆಡಿಸಿದ್ದಾರೆಯೇ ಎಂಬುದನ್ನು ಲೆಕ್ಕಪರಿಶೋಧಕರು ತಮ್ಮ ವರದಿಯಲ್ಲಿ ಹೇಳಲೇಬೇಕು. ಸಾಲ ಕೇಳಲು ಹೋದಾಗ ಬ್ಯಾಂಕಿನವರು ಓದುವುದು ಆ ವರದಿಯನ್ನೇ.

ತಂತ್ರಾಂಶದೊಡನೆ ಬರುವ ಇಂಗ್ಲಿಷ್ ಕೈಪಿಡಿ ಯಾವ ಗುಂಡಿ ಎಲ್ಲಿದೆ ಎಂದು ಹೇಳುತ್ತದೆಯೇ ಹೊರತು ನಿಮ್ಮ ಕಚೇರಿಯ ಪದ್ಧತಿಯನ್ನಲ್ಲ. ಅದನ್ನು ತಾವೇ, ಗುಮಾಸ್ತರು ಓದಬಲ್ಲ ಕನ್ನಡದಲ್ಲಿ, ಎರಡು ಪುಟಗಳಲ್ಲಿ ಬರೆದಿಡಬಹುದು: ತಂತ್ರಾಂಶದ ಹೆಸರು ಮತ್ತು ಆವೃತ್ತಿ, ಸೌಲಭ್ಯ ಆರಂಭಿಸಿದ ದಿನ, ಯಾವ ಬಳಕೆದಾರ ಹೆಸರು ಯಾರದು, ತಿದ್ದುವ ಮುನ್ನ ಯಾರ ಒಪ್ಪಿಗೆ ಬೇಕು, ಕಾರಣವನ್ನು ಎಲ್ಲಿ ಬರೆಯಬೇಕು.

ಬಹುತೇಕರು ಮರೆಯುವುದು ಹಿಂಬಾಗಿಲನ್ನು. ತಂತ್ರಾಂಶ ಪೂರೈಸಿದವರ ಎಂಜಿನಿಯರು ದುರಸ್ತಿಗೆಂದು ಬಂದು ದತ್ತಾಂಶದ ಕಡತವನ್ನೇ ನೇರವಾಗಿ ತಿದ್ದಿದರೆ, ಮುಂದಿನ ಪರದೆಯ ದಾಖಲೆಯಲ್ಲಿ ಅದು ಕಾಣದೇ ಹೋಗಬಹುದು. ಆ ಹಂತದಲ್ಲಿಯೂ ಜಾಡು ಉಳಿಯುವುದೇ ಎಂದು ಪೂರೈಕೆದಾರರಿಂದ ಲಿಖಿತವಾಗಿ ಕೇಳಿ ಪಡೆಯಿರಿ. ಎಂಜಿನಿಯರು ಬಂದ ದಿನ, ಮಾಡಿದ ಕೆಲಸ, ಜೊತೆಗಿದ್ದವರ ಹೆಸರನ್ನು ಒಂದು ವಹಿಯಲ್ಲಿ ಬರೆಸಿರಿ. ದೂರದಿಂದಲೇ ಇಂಟರ್ನೆಟ್ ಮೂಲಕ ದುರಸ್ತಿ ಮಾಡಿದರೂ ಅಷ್ಟೇ.

ವರ್ಷದ ನಡುವೆ ತಂತ್ರಾಂಶ ಬದಲಿಸುವವರು ಹಳೆಯದನ್ನು ಅಳಿಸಿ ಹಾಕಬಾರದು. ಲೆಕ್ಕಪತ್ರಗಳನ್ನು 8 ವರ್ಷ ಕಾಯ್ದಿಡಬೇಕೆಂಬ ಕಾಯಿದೆಯ ಅವಧಿಯೇ ಈ ಜಾಡಿಗೂ ಅನ್ವಯಿಸುವುದರಿಂದ, ಹಳೆಯ ದಾಖಲೆಯನ್ನು ತೆರೆದು ನೋಡುವ ವಿಧಾನವೂ ಆ ಎರಡು ಪುಟಗಳಲ್ಲಿ ಇರಲಿ.