ತಪ್ಪೇ ಮಾಡಿಲ್ಲ ಅಂದ್ರೂ ಪೊಲೀಸರು ಗಾಡಿ ನಿಲ್ಲಿಸಬಹುದಾ? ಕಾನೂನು ಏನು ಹೇಳುತ್ತೆ?

ಇವತ್ತಿನ ಎಪಿಸೋಡ್ ಬೈಕ್, ಸ್ಕೂಟರ್, ಕಾರು ಓಡಿಸೋ ಎಲ್ಲರಿಗೂ ಸಂಬಂಧಪಟ್ಟಿದ್ದು. ರಸ್ತೆಯಲ್ಲಿ ಪೊಲೀಸರು ಕೈ ಅಡ್ಡ ಹಾಕ್ತಾರೆ. ನೀವು ಹೆಲ್ಮೆಟ್ ಹಾಕಿದ್ದೀರಿ, ಸಿಗ್ನಲ್ ಜಂಪ್ ಮಾಡಿಲ್ಲ, ಒನ್‌ವೇಯಲ್ಲಿ ಬಂದಿಲ್ಲ. ಆದ್ರೂ ನಿಲ್ಲಿಸಲೇಬೇಕಾ? "ಅನುಮಾನ ಬಂತು, ಅದಕ್ಕೆ ನಿಲ್ಲಿಸಿದ್ವಿ" ಅಂದ್ರೆ ಅಷ್ಟೇ ಸಾಕಾ? ಬ್ಯಾಗ್ ತೆಗೆಸಬಹುದಾ? ಫೋನ್ ಕೇಳಬಹುದಾ?

ಈ ಬಗ್ಗೆ ರೀಲ್ಸ್‌ಗಳಿಗೇನೂ ಕೊರತೆ ಇಲ್ಲ. ಒಂದು ರೀಲ್‌ನಲ್ಲಿ "ಕಾರಣ ಹೇಳದೆ ನಿಲ್ಲಿಸಿದ್ರೆ ನೀವು ಹೋಗ್ತಾ ಇರಿ" ಅಂತಾರೆ. ಇನ್ನೊಂದರಲ್ಲಿ "ಪೊಲೀಸ್ ಏನು ಕೇಳಿದ್ರೂ ಕೊಡಲೇಬೇಕು" ಅಂತಾರೆ. ಎರಡೂ ತಪ್ಪು. ಮೊದಲೇ ಉತ್ತರ ಹೇಳಿಬಿಡ್ತೀನಿ, ಆಮೇಲೆ ಬಿಡಿಸಿ ನೋಡೋಣ: ನಮ್ಮ ದೇಶದಲ್ಲಿ ಗಾಡಿ ನಿಲ್ಲಿಸಿ ಡಿಎಲ್ ಕೇಳೋಕೆ ಪೊಲೀಸರಿಗೆ ಅನುಮಾನ ಬೇಕು ಅಂತ ಕಾನೂನು ಹೇಳಲ್ಲ. ಆದರೆ ನಿಲ್ಲಿಸಿದ ಮೇಲೆ ಇಡುವ ಮುಂದಿನ ಪ್ರತಿ ಹೆಜ್ಜೆಗೂ ಕಾರಣ ಬೇಕು.

ಡಿಎಲ್ ಕೇಳೋಕೆ ಏನು ಬೇಕು?

ಮೋಟಾರು ವಾಹನ ಕಾಯ್ದೆ, 1988. ಅದರ 130ನೇ ಸೆಕ್ಷನ್ ಪ್ರಕಾರ, ಸಾರ್ವಜನಿಕ ಸ್ಥಳದಲ್ಲಿ ವಾಹನ ಓಡಿಸುವವರು ಸಮವಸ್ತ್ರದಲ್ಲಿರುವ ಯಾವುದೇ ಪೊಲೀಸ್ ಅಧಿಕಾರಿ ಕೇಳಿದಾಗ ಚಾಲನಾ ಪರವಾನಗಿ ತೋರಿಸಬೇಕು. "ಅನುಮಾನ ಇದ್ದರೆ ಮಾತ್ರ" ಅಂತ ಅಲ್ಲಿ ಬರೆದಿಲ್ಲ. ಬರೆದಿರುವ ಷರತ್ತು ಸಮವಸ್ತ್ರದ್ದು. ಹಾಗಾಗಿ ಮಫ್ತಿಯಲ್ಲಿ ಬಂದು "ನಾನು ಪೊಲೀಸ್, ಡಿಎಲ್ ತೆಗಿ" ಅಂದ್ರೆ ಈ ಸೆಕ್ಷನ್ ಅನ್ವಯ ಆಗಲ್ಲ.

ಇಲ್ಲೇ ಅಮೆರಿಕದ ಸಿನಿಮಾ, ವೆಬ್ ಸೀರೀಸ್ ನೋಡಿದವರಿಗೆ ಗೊಂದಲ ಆಗೋದು. ಅಲ್ಲಿನ ಸುಪ್ರೀಂ ಕೋರ್ಟ್ 1979ರಲ್ಲಿ, ಡೆಲವೇರ್ ವರ್ಸಸ್ ಪ್ರೌಸ್ ಅನ್ನೋ ಕೇಸ್‌ನಲ್ಲಿ, ಸಕಾರಣವಾದ ಅನುಮಾನ ಇಲ್ಲದೆ ದಾರೀಲಿ ಹೋಗೋ ಒಂದು ಕಾರನ್ನ ಸುಮ್ಮನೆ ಲೈಸೆನ್ಸ್ ನೋಡೋಕೆ ನಿಲ್ಲಿಸುವಂತಿಲ್ಲ ಅಂತ ಹೇಳಿತು. ಅದು ಅವರ ಸಂವಿಧಾನದ ಮೇಲೆ ನಿಂತ ತೀರ್ಪು. ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ನಿಂತು ಅದನ್ನ ಹೇಳಿದ್ರೆ ಕೆಲಸಕ್ಕೆ ಬರಲ್ಲ.

ಪೊಲೀಸರ ಕಾನೂನುಬದ್ಧ ಸೂಚನೆಯನ್ನ ಬೇಕಂತಲೇ ಪಾಲಿಸದಿದ್ರೆ 179ನೇ ಸೆಕ್ಷನ್ ಪ್ರಕಾರ ಅದೇ ಒಂದು ಅಪರಾಧ. 2019ರ ತಿದ್ದುಪಡಿ ಆದಮೇಲೆ ದಂಡ 2,000 ರೂಪಾಯಿವರೆಗೆ ಇದೆ. ಅಂದ್ರೆ ಯಾವ ತಪ್ಪೂ ಮಾಡದವರು ಓಡಿಹೋಗಿ ತಪ್ಪು ಮಾಡಿದಂತಾಗುತ್ತೆ.

ಹಾಗಾದ್ರೆ "ಸುಮ್ಸುಮ್ನೆ ನಿಲ್ಲಿಸಬಾರದು" ಅನ್ನೋ ಮಾತು ಎಲ್ಲಿಂದ ಬಂತು?

ಅದು ಸುಳ್ಳು ಸುದ್ದಿ ಅಲ್ಲ. ಕರ್ನಾಟಕದಲ್ಲಿ ಪೊಲೀಸ್ ಇಲಾಖೆಯೇ ತನ್ನ ಸಿಬ್ಬಂದಿಗೆ ಹಾಕಿರುವ ಮಿತಿ ಅದು. 2022ರ ಜೂನ್‌ನಲ್ಲಿ ಆಗಿನ ಡಿಜಿಪಿ ಪ್ರವೀಣ್ ಸೂದ್ ಇದನ್ನ ಟ್ವಿಟರ್‌ನಲ್ಲೇ ಸ್ಪಷ್ಟಪಡಿಸಿದ್ರು. ಬರಿಗಣ್ಣಿಗೆ ಕಾಣುವ ಸಂಚಾರ ಉಲ್ಲಂಘನೆ ಇಲ್ಲದಿದ್ರೆ, ಬರೀ ದಾಖಲೆ ನೋಡೋಕೆ ಅಂತ ಗಾಡಿ ನಿಲ್ಲಿಸುವಂತಿಲ್ಲ. ಕುಡಿದು ಓಡಿಸುವವರ ತಪಾಸಣೆ ಮಾತ್ರ ಇದಕ್ಕೆ ಹೊರತು ಅನ್ನೋದು ಅದರ ಸಾರಾಂಶ.

ಮತ್ತೆ ಮೂರು ವರ್ಷಕ್ಕೆ ಅದನ್ನೇ ಹೇಳಬೇಕಾಗಿ ಬಂತು. ಯಾಕೆ ಅಂದ್ರೆ, 2025ರ ಮೇ 26ರಂದು ಮಂಡ್ಯದಲ್ಲಿ ಒಂದು ದುರಂತ ನಡೆದಿತ್ತು. ನಾಯಿ ಕಚ್ಚಿದ ಪುಟ್ಟ ಮಗಳನ್ನ ಅಪ್ಪ ಅಮ್ಮ ಬೈಕ್‌ನಲ್ಲಿ ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದ್ರು. ಹೆಲ್ಮೆಟ್ ತಪಾಸಣೆ ಮಾಡ್ತಿದ್ದ ಸಂಚಾರ ಪೊಲೀಸರು ತಡೆದ ಹೊತ್ತಿನಲ್ಲಿ ಬೈಕ್ ಆಯತಪ್ಪಿ ಬಿತ್ತು. ಹಿಂದಿನಿಂದ ಬಂದ ವಾಹನಕ್ಕೆ ಸಿಕ್ಕಿ ಮಗು ತೀರಿಕೊಂಡಿತು. ಜನ ರಸ್ತೆಗಿಳಿದು ಪ್ರತಿಭಟನೆ ಮಾಡಿದ್ರು, ಮೂವರು ಎಎಸ್‌ಐಗಳು ಅಮಾನತಾದ್ರು.

ಇದಾದ ಮೇಲೆ ಡಿಜಿ-ಐಜಿಪಿ ಎಂ.ಎ. ಸಲೀಂ ರಾಜ್ಯಕ್ಕೆಲ್ಲ ಅನ್ವಯಿಸುವ ಸೂಚನೆ ಹೊರಡಿಸಿದ್ರು. ಮುಖ್ಯ ಅಂಶಗಳು ಇವು: ಕಣ್ಣಿಗೆ ಕಾಣುವ ಉಲ್ಲಂಘನೆ ಇಲ್ಲದೆ ವಾಹನ ತಡೆಯಬಾರದು. ಗಾಡಿಗೆ ಅಡ್ಡ ಹಾರಬಾರದು. ಸವಾರರನ್ನ ಹಿಡಿದು ಎಳೆಯಬಾರದು, ಕೀ ಕಿತ್ಕೊಳ್ಳಬಾರದು. ಹೆದ್ದಾರಿಯಲ್ಲಿ ಏಕಾಏಕಿ ಬ್ಯಾರಿಕೇಡ್ ಇಟ್ಟು ನಿಲ್ಲಿಸಬಾರದು. ವೇಗವಾಗಿ ಹೋಗುವವರ ಬೆನ್ನಟ್ಟಬಾರದು, ನಂಬರ್ ಬರೆದುಕೊಂಡು ಕಂಟ್ರೋಲ್ ರೂಮಿಗೆ ತಿಳಿಸಬೇಕು.

ಇಲ್ಲಿ ಒಂದು ವ್ಯತ್ಯಾಸ ಗಮನಿಸಿ. ಇದು ಪೊಲೀಸರಿಗೆ ಅವರ ಮೇಲಧಿಕಾರಿ ಕೊಟ್ಟ ಸೂಚನೆ. ಅದನ್ನ ಮೀರಿದ ಸಿಬ್ಬಂದಿ ಮೇಲೆ ಇಲಾಖೆ ಕ್ರಮ ಆಗಬಹುದು, ಅದನ್ನ ಇಟ್ಕೊಂಡು ನೀವು ದೂರು ಕೊಡಬಹುದು. ಆದರೆ ಸುತ್ತೋಲೆಯಿಂದ 130ನೇ ಸೆಕ್ಷನ್ ರದ್ದಾಗಲ್ಲ. "ಡಿಜಿಪಿ ಹೇಳಿದ್ದಾರೆ, ನಾನು ನಿಲ್ಲಿಸಲ್ಲ" ಅಂತ ಗಾಡಿ ಓಡಿಸಿಕೊಂಡು ಹೋಗೋ ಹಕ್ಕು ಅದರಿಂದ ಸಿಗಲ್ಲ. ಮೊದಲು ಬದಿಗೆ ನಿಲ್ಲಿಸಿ, ವಾದ ಏನಿದ್ರೂ ಆಮೇಲೆ.

ಅನುಮಾನ ಬೇಕಾಗೋದು ಎಲ್ಲಿ?

ಈಗ ಅಸಲಿ ವಿಷಯಕ್ಕೆ ಬರೋಣ. ಮೊದಲನೆಯದು, ಊದೋ ಯಂತ್ರ. ವೀಕೆಂಡ್ ರಾತ್ರಿ ನಾಕಾಬಂದಿ ಹಾಕಿ ಎಲ್ಲರಿಗೂ "ಊದಿ ಸಾರ್" ಅಂತಾರಲ್ಲ, ಅದಕ್ಕೆ ಆಧಾರ 203ನೇ ಸೆಕ್ಷನ್. ಅಲ್ಲಿ ಅನುಮಾನದ ಷರತ್ತು ಇದೆ: ಚಾಲಕ ಕುಡಿದು ಓಡಿಸ್ತಿದ್ದಾನೆ ಅಂತ ಅನುಮಾನಿಸೋಕೆ ಸಕಾರಣ ಇದ್ದಾಗ ಉಸಿರಿನ ಪರೀಕ್ಷೆಗೆ ಕೇಳಬಹುದು. ಬಾಯಿಂದ ವಾಸನೆ, ತೊದಲು ಮಾತು, ಗಾಡಿ ಅತ್ತಿತ್ತ ಓಲಾಡೋದು ಇವೆಲ್ಲ ಅಂಥ ಕಾರಣಗಳು. ಹಾಗಂತ ಊದಲ್ಲ ಅಂತ ಹಠ ಹಿಡಿಯೋದು ಜಾಣತನ ಅಲ್ಲ. ನಿರಾಕರಿಸಿದವರು ಕುಡಿದಿದ್ದಾರೆ ಅನ್ನೋಕೆ ಸಕಾರಣ ಇದ್ರೆ ವಾರಂಟ್ ಇಲ್ಲದೆ ಬಂಧಿಸುವ ಅಧಿಕಾರವನ್ನ ಅದೇ ಸೆಕ್ಷನ್ ಕೊಡುತ್ತೆ.

ಮಿತಿ ಎಷ್ಟು ಅಂದ್ರೆ, 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಆಲ್ಕೋಹಾಲ್. ಅದಕ್ಕಿಂತ ಹೆಚ್ಚಿದ್ರೆ ಮೊದಲ ಸಲಕ್ಕೆ 6 ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ಈ ಕೇಸ್‌ನಲ್ಲಿ ಬಂಧನ ಆದ್ರೆ 202ನೇ ಸೆಕ್ಷನ್ ಪ್ರಕಾರ ಎರಡು ಗಂಟೆಯೊಳಗೆ ನೋಂದಾಯಿತ ವೈದ್ಯರಿಂದ ಪರೀಕ್ಷೆ ಆಗಬೇಕು, ಇಲ್ಲಾಂದ್ರೆ ಬಿಟ್ಟು ಕಳಿಸಬೇಕು. ಇದು ತುಂಬಾ ಜನಕ್ಕೆ ಗೊತ್ತೇ ಇಲ್ಲ.

ಎರಡನೆಯದು, ದಾಖಲೆ ಅಥವಾ ಗಾಡಿ ವಶಕ್ಕೆ ತಗೊಳ್ಳೋದು. ನೀವು ತೋರಿಸಿದ ದಾಖಲೆ ಅಥವಾ ನಂಬರ್ ಪ್ಲೇಟ್ ನಕಲಿ ಅಂತ ನಂಬೋಕೆ ಕಾರಣ ಇದ್ರೆ ಅದನ್ನ ಜಪ್ತಿ ಮಾಡಬಹುದು. ಡಿಎಲ್ ಇಲ್ಲದೆ, ರಿಜಿಸ್ಟ್ರೇಷನ್ ಇಲ್ಲದೆ, ಪರ್ಮಿಟ್ ಬೇಕಾದ ವಾಹನವನ್ನ ಪರ್ಮಿಟ್ ಇಲ್ಲದೆ ಓಡಿಸ್ತಿದ್ದಾರೆ ಅಂತ ನಂಬೋಕೆ ಕಾರಣ ಇದ್ರೆ 207ನೇ ಸೆಕ್ಷನ್ ಪ್ರಕಾರ ಗಾಡಿಯನ್ನೇ ತಡೆಹಿಡಿಯಬಹುದು. ಸವಾರನ ಕೈಯಿಂದ ಕೀ ಕಿತ್ಕೊಂಡು ಜೇಬಿಗೆ ಹಾಕ್ಕೊಳ್ಳಿ ಅಂತ ಮಾತ್ರ ಕಾಯ್ದೆಯಲ್ಲಿ ಎಲ್ಲೂ ಹೇಳಿಲ್ಲ.

ಮೂರನೆಯದು ಬ್ಯಾಗ್, ಡಿಕ್ಕಿ ತಪಾಸಣೆ. ಸಿಗ್ನಲ್ ಜಂಪ್ ಮಾಡಿದವರ ಬ್ಯಾಗ್ ಜಾಲಾಡೋಕೆ ಮೋಟಾರು ವಾಹನ ಕಾಯ್ದೆಯ ಆಧಾರ ಇಲ್ಲ. ಅದಕ್ಕೆ ಬೇರೆ ಕಾನೂನು ಬೇಕು. ಉದಾಹರಣೆಗೆ, ಮಾದಕವಸ್ತುಗಳಿಗೆ ಸಂಬಂಧಿಸಿದ ಎನ್‌ಡಿಪಿಎಸ್ ಕಾಯ್ದೆ, 1985. ಅದರ 49ನೇ ಸೆಕ್ಷನ್ "ಅನುಮಾನದ ಮೇಲೆ ನಿಲ್ಲಿಸುವ" ಅಧಿಕಾರವನ್ನ ನೇರವಾಗಿ ಕೊಡುತ್ತೆ. ವಾಹನದಲ್ಲಿ ಡ್ರಗ್ಸ್ ಸಾಗಿಸ್ತಿದ್ದಾರೆ ಅಂತ ಅನುಮಾನಿಸೋಕೆ ಕಾರಣ ಇದ್ರೆ ಅಧಿಕಾರ ಪಡೆದ ಅಧಿಕಾರಿ ಅದನ್ನ ನಿಲ್ಲಿಸಿ ಶೋಧಿಸಬಹುದು. ಆ ಅಧಿಕಾರಿ ಕಾನ್‌ಸ್ಟೆಬಲ್‌ಗಿಂತ ಮೇಲಿನ ದರ್ಜೆಯವರಾಗಿರಬೇಕು.

ಈ ಕಾಯ್ದೆಯಡಿ ನಿಮ್ಮ ಮೈ ತಪಾಸಣೆ ಮಾಡೋದಾದ್ರೆ 50ನೇ ಸೆಕ್ಷನ್ ಬರುತ್ತೆ. ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟ್ ಎದುರೇ ತಪಾಸಣೆ ಆಗಲಿ ಅಂತ ಕೇಳುವ ಹಕ್ಕು ನಿಮಗಿದೆ. ಈ ಹಕ್ಕಿನ ಬಗ್ಗೆ ಅಧಿಕಾರಿಯೇ ಮುಂಚೆ ತಿಳಿಸಬೇಕು ಅಂತ ಸುಪ್ರೀಂ ಕೋರ್ಟ್ 1999ರಲ್ಲಿ ಬಲದೇವ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಮಹಿಳೆಯರ ಮೈ ತಪಾಸಣೆಯನ್ನ ಮಹಿಳೆಯರೇ ಮಾಡಬೇಕು. ಈ ರಕ್ಷಣೆ ಇರೋದು ಮೈ ತಪಾಸಣೆಗೆ ಮಾತ್ರ, ವಾಹನ ಅಥವಾ ಬ್ಯಾಗ್‌ಗೆ ಅಲ್ಲ.

ಫೋನ್ ಕೊಡು ಅಂದ್ರೆ?

ಡಿಎಲ್ ಫೋನ್‌ನಲ್ಲೇ ಇರುವ ಕಾಲ ಇದು. ಕೇಂದ್ರ ಮೋಟಾರು ವಾಹನ ನಿಯಮಗಳ 139ನೇ ನಿಯಮ 2018ರಲ್ಲಿ ತಿದ್ದುಪಡಿ ಆಗಿ, ಎಲೆಕ್ಟ್ರಾನಿಕ್ ರೂಪದ ದಾಖಲೆ ತೋರಿಸಿದ್ರೂ ನಡೆಯುತ್ತೆ ಅಂತಾಯ್ತು. ಡಿಜಿಲಾಕರ್, ಎಂಪರಿವಾಹನ್ ಆಪ್‌ನಲ್ಲಿರುವ ಡಿಎಲ್, ಆರ್‌ಸಿ ಒರಿಜಿನಲ್‌ಗೆ ಸಮ. ವಾಟ್ಸಾಪ್‌ನಲ್ಲಿ ಯಾರೋ ಕಳಿಸಿದ ಫೋಟೋಗೆ ಆ ಮಾನ್ಯತೆ ಇಲ್ಲ. 2020ರ ಅಕ್ಟೋಬರ್‌ನಿಂದ ಜಾರಿಗೆ ಬಂದ ಇನ್ನೊಂದು ಬದಲಾವಣೆ ಪ್ರಕಾರ, ಆನ್‌ಲೈನ್‌ನಲ್ಲಿ ದೃಢಪಟ್ಟ ದಾಖಲೆಯನ್ನ ಮತ್ತೆ ಕಾಗದದಲ್ಲಿ ತೋರಿಸು ಅಂತ ಕೇಳುವಂತಿಲ್ಲ. ದಾಖಲೆ ಹತ್ತಿರ ಇಲ್ಲದಿದ್ರೆ 15 ದಿನದೊಳಗೆ ಒದಗಿಸೋಕೂ ಅದೇ ನಿಯಮದಲ್ಲಿ ಅವಕಾಶ ಇದೆ.

ಸ್ಕ್ರೀನ್ ಮೇಲೆ ಡಿಎಲ್ ತೋರಿಸೋದು ಬೇರೆ, ಫೋನ್ ಅನ್‌ಲಾಕ್ ಮಾಡಿ ಕೈಗೆ ಕೊಡೋದು ಬೇರೆ. ನಿಮ್ಮ ಚಾಟ್, ಗ್ಯಾಲರಿ ನೋಡುವ ಅಧಿಕಾರವನ್ನ ಮೋಟಾರು ವಾಹನ ಕಾಯ್ದೆ ಕೊಟ್ಟಿಲ್ಲ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರಲ್ಲಿ ತೀರ್ಪು ಕೊಟ್ಟಿದೆ. ಆ ಕೇಸ್ ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಹಕ್ಕಿಗೆ ಮಿತಿ ಹಾಕಬೇಕಾದ್ರೆ ಒಂದು ಕಾನೂನು ಇರಬೇಕು, ಬರೀ "ತೋರ್ಸಪ್ಪ" ಅಂದ್ರೆ ಸಾಲದು ಅನ್ನೋದು ಅದರ ಅರ್ಥ.

ಸ್ಟೇಷನ್‌ಗೆ ಬಾ ಅಂದ್ರೆ?

ಹೆಸರು, ವಿಳಾಸ ಹೇಳೋಕೆ ನಿರಾಕರಿಸಿದ್ರೆ, ಸಂಚಾರ ಅಪರಾಧ ಮಾಡಿದವರನ್ನ ಸಮವಸ್ತ್ರದಲ್ಲಿರೋ ಅಧಿಕಾರಿ ವಾರಂಟ್ ಇಲ್ಲದೆ ಬಂಧಿಸಬಹುದು. ಆದ್ದರಿಂದ ಹೆಸರು ಹೇಳೋದ್ರಲ್ಲಿ ಹಠ ಬೇಡ. ಬೇರೆ ಗಂಭೀರ ಅಪರಾಧದ ಅನುಮಾನ ಇದ್ರೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 35ನೇ ಸೆಕ್ಷನ್ ಅನ್ವಯಿಸುತ್ತೆ. ಅಲ್ಲೂ ಸಕಾರಣವಾದ ಅನುಮಾನ ಬೇಕು. ಬಂಧನ ಯಾಕೆ ಅಂತ ಹೇಳಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕು. ಇದು ಸಂವಿಧಾನದ 22ನೇ ವಿಧಿಯಲ್ಲೇ ಇರುವ ಮಾತು.

ರಸ್ತೆಯಲ್ಲಿ ನೀವು ಏನು ಮಾಡ್ಬೇಕು?

ಇಂಡಿಕೇಟರ್ ಹಾಕಿ, ಹಿಂದೆ ಮುಂದೆ ನೋಡ್ಕೊಂಡು ಎಡಕ್ಕೆ ನಿಲ್ಲಿಸಿ. ದಿಢೀರ್ ಅಂತ ಯೂಟರ್ನ್ ಬೇಡ, ಫುಟ್‌ಪಾತ್ ಹತ್ತಿಸೋದೂ ಬೇಡ. ಡಿಎಲ್ ತೋರಿಸಿ. ಆಮೇಲೆ ಮರ್ಯಾದೆಯಿಂದಲೇ ಕೇಳಿ: "ಸರ್, ಯಾವ ಉಲ್ಲಂಘನೆಗೆ ನಿಲ್ಲಿಸಿದ್ರಿ?" ದಂಡ ಅಂದ್ರೆ ಯಾವ ಸೆಕ್ಷನ್ ಅಂತ ಕೇಳಿ, ರಸೀದಿ ತಗೊಳ್ಳದೆ ದುಡ್ಡು ಕೊಡಬೇಡಿ. ಒಪ್ಪಿಗೆ ಇಲ್ಲದಿದ್ರೆ ಕೋರ್ಟ್‌ನಲ್ಲಿ ನೋಡ್ಕೋತೀನಿ ಅನ್ನಬಹುದು. ಡಿಎಲ್ ಜಪ್ತಿ ಮಾಡಿದ್ರೆ ಅದಕ್ಕೆ ಸ್ವೀಕೃತಿ ಪತ್ರ ಕೊಡಬೇಕು.

ತಳ್ಳಾಟ, ಕೈ ಮಾಡೋದು ಖಂಡಿತ ಬೇಡ. ಸರ್ಕಾರಿ ನೌಕರರ ಕೆಲಸಕ್ಕೆ ಅಡ್ಡಿಪಡಿಸಿದ ಕೇಸ್ ಬಿದ್ರೆ, ಹೆಲ್ಮೆಟ್ ದಂಡಕ್ಕಿಂತ ಎಷ್ಟೋ ದೊಡ್ಡ ತಲೆನೋವು. ಪೊಲೀಸರೇ ಮಿತಿ ಮೀರಿದ್ರೆ ನಾಮಫಲಕದಲ್ಲಿರೋ ಹೆಸರು, ಜಾಗ, ಸಮಯ ನೆನಪಿಟ್ಕೊಳ್ಳಿ. ತಕ್ಷಣದ ತೊಂದರೆಗೆ 112 ಇದೆ. ಆಮೇಲೆ ಎಸ್‌ಪಿ ಅಥವಾ ಕಮಿಷನರ್ ಕಚೇರಿಗೆ, ಗಂಭೀರ ವಿಷಯ ಆದ್ರೆ ರಾಜ್ಯ ಪೊಲೀಸ್ ದೂರು ಪ್ರಾಧಿಕಾರಕ್ಕೆ ಬರೆದು ಕೊಡಿ.

ಕೊನೆಯದಾಗಿ ಒಂದು ಮಾತು. ಮಂಡ್ಯದಲ್ಲಿ ನಡೆದ ದುರಂತದಿಂದ ಪೊಲೀಸರೂ ಕಲಿಯಬೇಕು, ನಾವೂ ಕಲಿಯಬೇಕು. ಓಡೋ ಗಾಡಿಯನ್ನ ಕೈಯಿಂದ ಹಿಡಿಯೋಕೆ ಹೋಗಬೇಕಾಗಿಲ್ಲ, ನಂಬರ್ ಪ್ಲೇಟ್ ಇದೆ, ಕ್ಯಾಮೆರಾ ಇದೆ, ನೋಟಿಸ್ ಮನೆಗೆ ಬರುತ್ತೆ. ಹಾಗೇನೇ, 500 ರೂಪಾಯಿ ದಂಡ ತಪ್ಪಿಸೋಕೆ ಲಾರಿ ಪಕ್ಕ ನುಗ್ಗಬೇಕಾಗಿಲ್ಲ. ನಿಲ್ಲಿಸಿ, ಕಾರಣ ಕೇಳಿ.

ಇವತ್ತಿನ ಎಪಿಸೋಡ್ ಇಷ್ಟೇ. ಹೊಸದಾಗಿ ಡಿಎಲ್ ಮಾಡಿಸಿದ ತಮ್ಮ, ತಂಗಿ, ಫ್ರೆಂಡ್ ಇದ್ರೆ ಇದನ್ನ ಅವರಿಗೆ ಕಳಿಸಿ.