ಎಲೆಯ ವೇಷದ ಕಾಂಡ



ಬೇಲಿಯ ಬದಿಯಲ್ಲಿ ಬೆಳೆಯುವ ಪಾಪಾಸುಕಳ್ಳಿಯನ್ನು ತಾವೆಲ್ಲರೂ ನೋಡಿರುವಿರಷ್ಟೆ. ಅಂಗೈಯಗಲದ ಅದರ ಹಸುರು ಬಿಲ್ಲೆಗಳನ್ನು ಎಲೆಗಳೆಂದು ಕರೆಯುವುದು ವಾಡಿಕೆ. ಸಸ್ಯಶಾಸ್ತ್ರವು ಇದನ್ನು ಒಪ್ಪುವುದಿಲ್ಲ. ಅವು ಚಪ್ಪಟೆಯಾದ ಕಾಂಡಗಳು. ಇಂಥವಕ್ಕೆ ಪರ್ಣಕಾಂಡಗಳೆಂದು ಹೆಸರು.

ರೂಪವನ್ನು ನಂಬದೆ ಇದನ್ನು ನಿರ್ಣಯಿಸುವುದು ಹೇಗೆ? ಹುಟ್ಟಿದ ಸ್ಥಾನದಿಂದ. ಎಲೆಯು ಗಿಣ್ಣಿನಲ್ಲಿ ಹುಟ್ಟುತ್ತದೆ. ಅದರ ಕಂಕುಳಲ್ಲಿ ಮೊಗ್ಗಿರುತ್ತದೆ. ಕೊಂಬೆಯಾದರೋ ಆ ಮೊಗ್ಗಿನಿಂದ ಹೊರಟು, ತಾನೇ ಎಲೆ ಹೂಗಳನ್ನು ಧರಿಸತಕ್ಕುದು. ಕಳ್ಳಿಯ ಬಿಲ್ಲೆಯ ಮೇಲೆ ಮುಳ್ಳು ಗುಂಪಾಗಿರುವ ಒಂದೊಂದು ಚುಕ್ಕೆಯೂ ಮೊಗ್ಗಿನ ಸ್ಥಾನವೇ. ಹೂವೂ ಹೊಸ ಬಿಲ್ಲೆಯೂ ಅಲ್ಲಿಂದಲೇ ಹೊರಡುತ್ತವೆ. ನಿಜವಾದ ಎಲೆಗಳು ಎಳೆಯ ಬಿಲ್ಲೆಯ ಮೇಲೆ ಸಣ್ಣ ಮೊನೆಗಳಂತೆ ತೋರಿ, ಬೇಗನೆ ಉದುರಿಹೋಗುತ್ತವೆ.

ಈ ವೇಷವೇಕೆ? ನೀರಿನ ಉಳಿತಾಯಕ್ಕಾಗಿ. ತೆಳುವಾದ ಅಗಲ ಎಲೆಯಿಂದ ನೀರು ಬಹುವಾಗಿ ಆವಿಯಾಗುತ್ತದೆ. ಕಳ್ಳಿಯು ಎಲೆಯನ್ನು ತೊರೆದು, ಆಹಾರ ತಯಾರಿಸುವ ಕೆಲಸವನ್ನು ಕಾಂಡಕ್ಕೆ ವಹಿಸಿದೆ. ಅದರ ಸೂಕ್ಷ್ಮರಂಧ್ರಗಳು ತಂಪಾದ ರಾತ್ರಿಯಲ್ಲಿ ತೆರೆದು ಅಂಗಾರಾಮ್ಲವಾಯುವನ್ನು ಒಳಗೊಳ್ಳುತ್ತವೆ. ಅದು ಆಮ್ಲರೂಪದಲ್ಲಿ ಸಂಗ್ರಹವಾಗಿದ್ದು, ಹಗಲು ಬಾಗಿಲು ಮುಚ್ಚಿದ ಮೇಲೆ ಬಿಸಿಲಿನ ಬಲದಿಂದ ಸಕ್ಕರೆಯಾಗುತ್ತದೆ. ಆದುದರಿಂದಲೇ ಅದರ ರಸವು ಸಂಜೆಗಿಂತ ಮುಂಜಾನೆ ಹೆಚ್ಚು ಹುಳಿ.

ಶತಾವರಿಯ ನೂಲಿನಂತಹ ಹಸುರು ಎಳೆಗಳೂ ಇದೇ ಬಗೆಯ ಕಿರುಕೊಂಬೆಗಳು. ಸರ್ವೆಮರದ ಸೂಜಿಗಳೂ ಕೊಂಬೆಗಳೇ. ಅವುಗಳ ಗಿಣ್ಣುಗಳಲ್ಲಿ ಉಂಗುರದಂತೆ ಕಾಣುವ ಸಣ್ಣ ಹುರುಪೆಗಳೇ ಅದರ ಎಲೆಗಳು.

ಇದು ಕೇವಲ ಹೆಸರಿನ ವಾದವೆ? ಅಲ್ಲ. ಉದುರಿದ ಎಲೆ ಸಾಮಾನ್ಯವಾಗಿ ಕೊಳೆಯುತ್ತದೆ. ಬಿದ್ದ ಬಿಲ್ಲೆಯಾದರೋ ಬೇರೂರುತ್ತದೆ. ಅಮೆರಿಕದಿಂದ ಬಂದ ಈ ಗಿಡವು ದಕ್ಷಿಣ ಭಾರತದ ಹೊಲ ಗೋಮಾಳಗಳನ್ನು ಆಕ್ರಮಿಸಿದಾಗ, ಅದನ್ನು ಕಡಿದು ತುಂಡುಗಳನ್ನು ಅಲ್ಲಿಯೇ ಬಿಟ್ಟ ರೈತನು, ತನಗರಿವಿಲ್ಲದೆಯೇ, ಅದನ್ನು ನೆಟ್ಟಂತಾಯಿತು. ಕುಡುಗೋಲಿಗೆ ಸಾಧ್ಯವಾಗದ ಕೆಲಸ ಒಂದು ಕೀಟದಿಂದಾಯಿತು. 1795ರಲ್ಲಿ ಕೆಂಬಣ್ಣದ ಆಸೆಯಿಂದ ಬ್ರೆಜಿಲಿನಿಂದ ತಂದ ಹುಳು ಬೇರೆ ಜಾತಿಯದಾಗಿತ್ತು; ಒಳ್ಳೆಯ ಬಣ್ಣ ದೊರೆಯಲಿಲ್ಲ, ಆದರೆ ಒಂದು ಜಾತಿಯ ಕಳ್ಳಿ ಅಡಗಿತು. ಉಳಿದ ಮೊಂಡುಜಾತಿಗಾಗಿ 1926ರಲ್ಲಿ ಸಿಂಹಳದಿಂದ ಅದರ ದಾಯಾದಿಯನ್ನು ತರಿಸಲಾಯಿತು. ಅದು ಬಿಲ್ಲೆಗಳ ರಸವನ್ನು ಹೀರಿ, ಕೆಲವೇ ವರ್ಷಗಳಲ್ಲಿ ವಿಸ್ತಾರವಾದ ಭೂಮಿಯನ್ನು ಬಿಡಿಸಿಕೊಟ್ಟಿತು.

ಇನ್ನು ಮುಂದೆ ಬೇಲಿಯ ಕಳ್ಳಿಯನ್ನು ಕಡಿಯುವವರು, ಬಿದ್ದುದು ಎಲೆಯಲ್ಲ, ಕೊಂಬೆಯೆಂಬುದನ್ನು ನೆನೆದು, ತುಂಡುಗಳನ್ನು ಆರಿಸಿ ತೆಗೆಯುವುದು ಲೇಸು.