ಮೈಸೂರು ಕೇಳಿಸಿಕೊಂಡ ಪಿಯಾನೊ

ಎಚ್‌ಎಂವಿ ಕಂಪನಿ 1947ರಲ್ಲಿ ಲಂಡನ್ನಿನಲ್ಲಿ ರಷ್ಯಾದ ಹಿರಿಯ ಪಿಯಾನೊ ವಾದಕರೊಬ್ಬರ ಮೂರು ಕನ್ಸರ್ಟೊಗಳನ್ನು ಧ್ವನಿಮುದ್ರಿಸಿತು. ಕೃತಿಗಳನ್ನು ರಚಿಸಿದವರೂ ಅವರೇ, ನುಡಿಸಿದವರೂ ಅವರೇ. ಜೊತೆಗೂಡಿದ್ದು ಎರಡು ವರ್ಷಗಳ ಹಿಂದಷ್ಟೇ ಹುಟ್ಟಿದ್ದ ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾ. ವಾದಕರ ಹೆಸರು ನಿಕೊಲಾಯ್ ಮೆಡ್ಟ್‌ನರ್, ವಯಸ್ಸು 67. ಐದು ವರ್ಷಗಳ ಹಿಂದೆ ಹೃದಯಾಘಾತವಾಗಿ ಬದುಕಿಕೊಂಡಿದ್ದರು. ನೆಲೆಸಿದ ಊರಿನಲ್ಲೇ ಅವರ ಸಂಗೀತವನ್ನು ಬಲ್ಲವರು ಕಡಿಮೆ. ಈ ಮುದ್ರಣಕ್ಕೆ ಹಣ ಬಂದದ್ದು ಮೈಸೂರಿನಿಂದ. ಕೊಟ್ಟವರು ಜಯಚಾಮರಾಜೇಂದ್ರ ಒಡೆಯರ್.

ಅರಸರೊಬ್ಬರ ಔದಾರ್ಯದ ಕಥೆಯೆಂದು ಇದನ್ನು ಹೇಳಿ ಮುಗಿಸಬಹುದು. ಆದರೆ ಹಣ ಕೊಡುವವರು ಎಲ್ಲ ಕಾಲದಲ್ಲೂ ಸಿಗುತ್ತಾರೆ. ಮೆಡ್ಟ್‌ನರ್‌ಗೆ ಸಿಕ್ಕಿದ್ದು ಅದಕ್ಕಿಂತ ಅಪರೂಪದ್ದು: ಪಿಯಾನೊ ಕಲಿತು, ಅದರ ಕಷ್ಟಸುಖ ಬಲ್ಲ ಒಬ್ಬ ಕೇಳುಗ.

ಬಿಟ್ಟುಬಂದ ದಾರಿ

1880ರಲ್ಲಿ ಮಾಸ್ಕೋದಲ್ಲಿ ಹುಟ್ಟಿದ ಮೆಡ್ಟ್‌ನರ್, ಅಲ್ಲಿನ ಕನ್ಸರ್ವೇಟರಿಯಲ್ಲಿ ವಾಸಿಲಿ ಸಫೋನೊವ್ ಅವರ ಶಿಷ್ಯರಾಗಿ 1900ರಲ್ಲಿ ಚಿನ್ನದ ಪದಕದೊಡನೆ ಹೊರಬಂದರು. ಕಛೇರಿ ವಾದಕರಾಗಿ ದೇಶದೇಶ ಸುತ್ತುವ ದಾರಿ ತೆರೆದೇ ಇತ್ತು. ಅವರು ಅದನ್ನು ಬಿಟ್ಟರು. ಗುರು ತನೆಯೆವ್ ಮತ್ತು ಅಣ್ಣ ಎಮಿಲ್ ಅವರ ಬೆಂಬಲದಿಂದ ರಚನೆಯತ್ತ ತಿರುಗಿದರು. ಆಮೇಲೆ ವೇದಿಕೆ ಹತ್ತಿದ್ದು ಮುಖ್ಯವಾಗಿ ತಮ್ಮ ಕೃತಿಗಳನ್ನು ಕೇಳಿಸಲೆಂದೇ.

ಅವರು ಬರೆದದ್ದರಲ್ಲಿ ಪಿಯಾನೊ ಇಲ್ಲದ ಕೃತಿ ಒಂದೂ ಇಲ್ಲ. 14 ಸೊನಾಟಾಗಳು, ನೂರಕ್ಕೂ ಹೆಚ್ಚು ಹಾಡುಗಳು, ರಷ್ಯನ್ನರು 'ಸ್ಕಾಜ್ಕಿ' ಎನ್ನುವ ಕಥನಗುಣದ ಕಿರುಕೃತಿಗಳು. ಮೇಲಿನ ರಾಗದೆಳೆಯ ಕೆಳಗೆ ಇನ್ನೆರಡು ಎಳೆಗಳು ತಮ್ಮ ಪಾಡಿಗೆ ಸಾಗುತ್ತಿರುತ್ತವೆ. ಎರಡು ಕೈಗಳ ಲಯ ಎಷ್ಟೋ ಸಲ ಒಂದಕ್ಕೊಂದು ಎದುರಾಗಿ ನಡೆಯುತ್ತದೆ. ಒಮ್ಮೆ ಕೇಳಿದರೆ ಒಲಿಯುವ ಸಂಗೀತ ಇದಲ್ಲ, ಮತ್ತೆ ಮತ್ತೆ ಕೇಳಬೇಕು. ಕಛೇರಿಯಲ್ಲಿ ಒಂದೇ ಸಲ ಕೇಳಿ ಎದ್ದುಹೋಗುವವರ ನಡುವೆ ಮೆಡ್ಟ್‌ನರ್ ಸೋತದ್ದು ಇಲ್ಲಿಯೇ.

1921ರಲ್ಲಿ ರಷ್ಯಾ ಬಿಟ್ಟು ಬರ್ಲಿನ್, ಆಮೇಲೆ ಫ್ರಾನ್ಸ್, 1930ರ ದಶಕದ ನಡುವೆ ಲಂಡನ್. ಹೊಸ ಸಂಗೀತ ಬೇರೆ ಹಾದಿ ಹಿಡಿದಿತ್ತು, ಅದನ್ನು ಅವರು ಒಪ್ಪಲಿಲ್ಲ. ಗೆಳೆಯ ರಖ್ಮಾನಿನೊವ್ ಕೈಬಿಡದೆ ನೆರವಾದರು, ಅಮೆರಿಕದ ಪ್ರವಾಸಕ್ಕೆ ದಾರಿ ಮಾಡಿಕೊಟ್ಟರು, ತಮ್ಮ ನಾಲ್ಕನೆಯ ಕನ್ಸರ್ಟೊವನ್ನು ಅವರಿಗೆ ಅರ್ಪಿಸಿದರು. ಎರಡನೆಯ ಮಹಾಯುದ್ಧ ಬಂದಾಗ ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಹಣವೂ ನಿಂತಿತು. ಮೆಡ್ಟ್‌ನರ್ ದಂಪತಿಗೆ ಆಸರೆ ಕೊಟ್ಟವರು ಪಿಯಾನೊ ವಾದಕಿ ಎಡ್ನಾ ಐಲ್ಸ್ ಅವರ ಕುಟುಂಬ.

ಪಟ್ಟ ಮತ್ತು ಪಿಯಾನೊ

ಇತ್ತ ಮೈಸೂರಿನಲ್ಲಿ, 1919ರಲ್ಲಿ ಹುಟ್ಟಿದ ಯುವರಾಜರ ಮಗ ಕಛೇರಿ ಪಿಯಾನೊ ವಾದಕನಾಗುವ ಆಸೆ ಹೊತ್ತಿದ್ದರು. 1940ರಲ್ಲಿ ತಂದೆ ತೀರಿಕೊಂಡರು. ಅದೇ ವರ್ಷ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರೂ ಇಲ್ಲವಾದರು. ಇಪ್ಪತ್ತೊಂದರ ಹರೆಯದಲ್ಲಿ ಪಟ್ಟವೇರಬೇಕಾಯಿತು, ವಾದಕನ ಬದುಕು ಕೈತಪ್ಪಿತು. ಆದರೂ ಅಭ್ಯಾಸ ಬಿಡಲಿಲ್ಲ. 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪಡೆದರು. 'ಶ್ರೀವಿದ್ಯಾ' ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದ ವಾಗ್ಗೇಯಕಾರರೂ ಇವರೇ. ತಂಗಿ ವಿಜಯಾದೇವಿಯವರೂ ವೀಣೆ ವೆಂಕಟಗಿರಿಯಪ್ಪನವರ ಬಳಿ ವೀಣೆ ಕಲಿತು, ಪಿಯಾನೊವನ್ನೂ ಅಷ್ಟೇ ಶ್ರದ್ಧೆಯಿಂದ ಸಾಧಿಸಿದವರು. ಆ ಅರಮನೆಯಲ್ಲಿ ಕೃತಿ ಮತ್ತು ಕನ್ಸರ್ಟೊ ಒಂದೇ ಸೂರಿನಡಿ ಬಾಳುತ್ತಿದ್ದವು.

ಫಿಲ್‌ಹಾರ್ಮೋನಿಯಾ ಕಟ್ಟಿದ ವಾಲ್ಟರ್ ಲೆಗ್ಗ್ ಮೈಸೂರಿಗೆ ಬಂದಿದ್ದಾಗ ಅರಮನೆಯ ರೆಕಾರ್ಡುಗಳ ಸಂಗ್ರಹ ಮತ್ತು ಕಛೇರಿಯ ದೊಡ್ಡ ಪಿಯಾನೊಗಳನ್ನು ಕಂಡು ಬೆರಗಾದದ್ದನ್ನು ಬರೆದಿಟ್ಟಿದ್ದಾರೆ. ಆರ್ಕೆಸ್ಟ್ರಾಕ್ಕೂ ಒಡೆಯರ್ ನೆರವಾದರು, 1948ರಲ್ಲಿ ಅದರ ಕಛೇರಿ ಸಂಸ್ಥೆಯ ಮೊದಲ ಅಧ್ಯಕ್ಷರಾದರು. 1950ರ ಮೇ 22ರಂದು ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ರಿಚರ್ಡ್ ಸ್ಟ್ರಾಸ್ ಅವರ ಕೊನೆಯ ನಾಲ್ಕು ಹಾಡುಗಳ ಮೊದಲ ಪ್ರಯೋಗ ನಡೆದದ್ದರ ಹಿಂದೆಯೂ ಮೈಸೂರಿನ ಹಣವಿತ್ತು.

ನಾಲ್ಕು ನಿಮಿಷಕ್ಕೊಂದು ಮಗ್ಗುಲು

ಆಗಿನ 78ರ ಪ್ಲೇಟಿನ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದದ್ದು ನಾಲ್ಕೂವರೆ ನಿಮಿಷದ ಒಳಗಿನ ಸಂಗೀತ. ಮೆಡ್ಟ್‌ನರ್ ಅವರ ಮೂರನೆಯ ಕನ್ಸರ್ಟೊ ಅರ್ಧ ಗಂಟೆಗೂ ಹೆಚ್ಚು ಹೊತ್ತು, ಭಾಗಗಳ ನಡುವೆಯೂ ನಿಲ್ಲದೆ ಹರಿಯುವ ಕೃತಿ. ಅದನ್ನು ತುಂಡುತುಂಡಾಗಿ ನುಡಿಸಬೇಕು. ನಿಂತಲ್ಲಿಂದ ಮತ್ತೆ ಹಿಡಿಯುವಾಗ ಅದೇ ಕಾಲಪ್ರಮಾಣ, ಅದೇ ಒತ್ತು, ಅದೇ ಭಾವ ಬರಬೇಕು. ಹೃದಯ ಸೋತಿದ್ದ ಮುದುಕರು ಅದನ್ನು ಮಾಡಿದರು. ಆ ಕನ್ಸರ್ಟೊ ಅರ್ಪಿತವಾಗಿರುವುದು ಮೈಸೂರು ಮಹಾರಾಜರಿಗೆ.

ಚಂದಾದಾರರಿಗಾಗಿ 'ಮೆಡ್ಟ್‌ನರ್ ಸೊಸೈಟಿ' ಹೆಸರಿನಲ್ಲಿ ಮೂರು ಸಂಪುಟಗಳು ಹೊರಬಂದವು. ಗಾಯಕಿ ಎಲಿಸಬೆತ್ ಶ್ವಾರ್ಜ್‌ಕಾಫ್ ಹಾಡಿದ ಹಾಡುಗಳಿಗೆ ಪಿಯಾನೊ ನುಡಿಸಿದವರೂ ಮೆಡ್ಟ್‌ನರ್ ಅವರೇ. 1951ರ ನವೆಂಬರ್ 13ರಂದು ಅವರು ಲಂಡನ್ನಿನಲ್ಲಿ ತೀರಿಕೊಂಡರು.

ಮತ್ತೆ ಮತ್ತೆ ಕೇಳಬೇಕಾದ ಸಂಗೀತಕ್ಕೆ ಬೇಕಿದ್ದದ್ದು ಮತ್ತೆ ಮತ್ತೆ ಹಾಕಬಹುದಾದ ಪ್ಲೇಟು. ಅಪ್ಪಟ ಕೇಳುಗರಿಗೆ ಮಾತ್ರ ಹೊಳೆಯುವ ಅಗತ್ಯ ಇದು. ಮುಂದೆ ಎಮಿಲ್ ಗಿಲೆಲ್ಸ್ ಅವರಿಂದ ಹಿಡಿದು ಮಾರ್ಕ್-ಆಂದ್ರೆ ಆಮ್ಲೆನ್ ಅವರವರೆಗೆ ದೊಡ್ಡ ವಾದಕರು ಮೆಡ್ಟ್‌ನರ್ ಅವರನ್ನು ಕೈಗೆತ್ತಿಕೊಂಡರು. ಆ ಕೃತಿಗಳನ್ನು ರಚಿಸಿದವರೇ ಹೇಗೆ ನುಡಿಸುತ್ತಿದ್ದರು ಎಂದು ತಿಳಿಯಬೇಕಾದವರು ಇಂದಿಗೂ ಆ ಧ್ವನಿಮುದ್ರಣಗಳ ಬಳಿಗೇ ಬರಬೇಕು. ಮೈಸೂರಿನ ಸಂಗೀತಚರಿತ್ರೆಯನ್ನು ಬರೆಯುವವರು ಒಡೆಯರ ಕೃತಿಗಳ ಪಕ್ಕದಲ್ಲೇ ಅವುಗಳಿಗೂ ಜಾಗ ಕೊಡಬೇಕು. ರಚಿಸುವುದರಷ್ಟೇ ಗಂಭೀರವಾಗಿ ಕೇಳಿಸಿಕೊಳ್ಳುವುದೂ ಈ ನಾಡಿನ ಸಂಗೀತದ ಕೆಲಸವೇ ಆಗಿತ್ತು.